ಹೂಂಗುಟ್ಟುವ ಗಂಡನಿಗೊಂದು ಕೆಂಪು ದೀಪ

ಮದುವೆಯಾಗಿ ಮೂವತ್ತೈದು ವರ್ಷ ನನ್ನ ಒಂದು ಮಾತಿಗೂ ಒಂದೇ ಸಲಕ್ಕೆ ಒಪ್ಪದಿದ್ದ ಗಂಡ ಇದ್ದಕ್ಕಿದ್ದ ಹಾಗೆ ಎಲ್ಲದಕ್ಕೂ "ಹೂಂ" ಅನ್ನತೊಡಗಿದರೆ ಯಾವ ಹೆಂಡತಿಗಾದರೂ ಅನುಮಾನ ಬರಬೇಕು. ನನಗೆ ಬರಲಿಲ್ಲ. ಅಂತೂ ಬುದ್ಧಿ ಬಂತಲ್ಲ ಅಂದುಕೊಂಡೆ.

ನಮ್ಮ ಮನೆ ಹೊನ್ನಾವರದಲ್ಲಿ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ನು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅವರ ಫ್ಯಾನು, ಮಿಕ್ಸರು, ಪಂಪುಗಳ ಆಸ್ಪತ್ರೆ. ನನ್ನ ಗಂಡ ವೈರ್‌ಮನ್. ಭಟ್ಕಳದಿಂದ ಕುಮಟಾದವರೆಗೆ ಎಷ್ಟು ಮನೆಗಳ ಗೋಡೆಯೊಳಗೆ ಅವರ ವೈರು ಓಡಿದೆಯೋ ಅವರಿಗೇ ಲೆಕ್ಕವಿಲ್ಲ. ಆದರೆ ನನ್ನ ಮಷಿನ್ನಿಗೆ ಒಂದು ಮೋಟರ್ ಹಾಕಿಕೊಡಿ ಅಂತ ಹತ್ತು ವರ್ಷದಿಂದ ಕೇಳುತ್ತಿದ್ದೆ. "ಕಾಲಿಗೆ ವ್ಯಾಯಾಮ ಬೇಡ್ವಾ ಮಾರಾಯ್ತಿ?" ಅನ್ನುತ್ತಿದ್ದರು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ.

ಒಂದು ದಿನ ಅವರು ಪೇಪರ್ ಓದುತ್ತಿದ್ದಾಗ ಹಿಂದಿನಿಂದ ಕೇಳಿದೆ, "ಮಷಿನ್ನಿಗೆ ಮೋಟರ್ ಹಾಕ್ಸಲಾ?" ಅವರು ತಲೆ ಎತ್ತದೆ "ಹೂಂ" ಅಂದರು. ಮಾತು ತಿರುಗಿಸುವ ಮೊದಲೇ ಮುಗಿಸಿಬಿಡೋಣ ಅಂತ ಮರುದಿನವೇ ಬೇರೆ ಕಡೆಯಿಂದ ಹಾಕಿಸಿದೆ. ಸಂಜೆ ಬಂದು ನೋಡಿದವರು ಮಷಿನ್ನಿನ ಸುತ್ತ ಒಂದು ಸುತ್ತು ಹಾಕಿದರು.

"ಇದು ಯಾರು ಹಾಕಿದ್ದು?"

"ನೀವೇ ಹೂಂ ಅಂದ್ರಲ್ಲ."

ಅವರು ಕಾಲು ತೊಳೆಯಲು ಹೋದರು. ವಾದ ಮಾಡದೆ ಹೋದ ಆ ಬೆನ್ನು ನೋಡಿದ ಮೇಲೆಯೇ ನನಗೆ ತಿಳಿದದ್ದು. ನಾನು ಕೇಳಿದ್ದು ಅವರ ಕಿವಿಗೆ ಬಿದ್ದೇ ಇರಲಿಲ್ಲ. ತಾನು ಹೂಂ ಅನ್ನದಿದ್ದರೆ ಜಗಳವಾಗುತ್ತದೆ, ಜಗಳದ ಕೊನೆಗೆ ಕಿವಿಯ ವಿಷಯ ಬರುತ್ತದೆ. ಅದಕ್ಕಿಂತ ಮೋಟರ್ ಒಪ್ಪಿಕೊಳ್ಳುವುದೇ ವಾಸಿ ಅಂತ ಅವರ ಲೆಕ್ಕ.

ಒಳ್ಳೆಯ ಹೆಂಡತಿಯಾಗಿದ್ದರೆ ಅಲ್ಲಿಗೇ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೆ. ನಾನು ಅಷ್ಟು ಒಳ್ಳೆಯವಳಲ್ಲ. ಎರಡು ಮೂರು ತಿಂಗಳು ಆ ಹೂಂ ಅನ್ನು ಚೆನ್ನಾಗಿ ದುಡಿಸಿಕೊಂಡೆ. ಕರಕರ ಅನ್ನುವುದು ಬಿಟ್ಟರೆ ಹಾಡುವುದನ್ನೇ ಮರೆತಿದ್ದ ಅವರ ಹಳೆಯ ರೇಡಿಯೋ ಗುಜರಿಯವನಿಗೆ ಹೋಯಿತು, "ಕೊಡಲಾ?" ಅಂತ ಧರ್ಮಕ್ಕೆ ಕೇಳಿದ್ದೆ, "ಹೂಂ" ಅಂದಿದ್ದರು. ಕಾಲರ್ ಹರಿದ ಎರಡು ಶರ್ಟು ಒರೆಸುವ ಬಟ್ಟೆಯಾದವು. ಬಂಗಡೆ ಸಾರಿನ ದಿನ "ಈ ದೊಡ್ಡ ತುಂಡು ನಾನು ತಿನ್ಲಾ?" ಅಂತ ತಟ್ಟೆಯತ್ತ ಬಗ್ಗಿ ಪಿಸುಗುಟ್ಟುತ್ತಿದ್ದೆ. "ಹೂಂ" ಬರುತ್ತಿತ್ತು. ತಿನ್ನುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಸ್ವಲ್ಪ.

ಆಟ ನಿಂತದ್ದು ಧಾರೇಶ್ವರದ ಒಂದು ಮನೆಯಿಂದ. ಅಲ್ಲಿ ಹಳೇ ವೈರಿಂಗ್ ಬದಲಾಯಿಸುವ ಕೆಲಸ ಹಿಡಿದಿದ್ದರು. ಒಂದು ಮಧ್ಯಾಹ್ನ ಬಲಗೈಗೆ ಬಟ್ಟೆ ಸುತ್ತಿಕೊಂಡು, ಸೊಂಟ ಹಿಡಿದುಕೊಂಡು ಬಂದರು. "ಎಂತ ಆತು?" ಅಂದರೆ, ಸ್ಟೂಲಿನ ಕಾಲು ಜಾರಿತು ಅಂದರು. ನಾಲ್ಕು ದಿನದ ಮೇಲೆ ಆ ಮನೆಯ ಯಜಮಾನಿ ಬ್ಲೌಸ್ ಪೀಸು ತಂದವಳು ನಿಜ ಹೇಳಿದಳು.

"ನಮ್ಮನೆಯವ್ರು ಪಂಪ್ ಬಿಡೂಕೆ ಅಂತ ಕೆಳಗಿಂದ ಕೇಳಿದ್ರು ಅಕ್ಕಾ, ಮೇನ್ ಸ್ವಿಚ್ ಹಾಕ್ಲಾ ಅಂತ. ಇವ್ರು ಮೇಲಿಂದ ಹೂಂ ಅಂದ್ರು. ಹಾಕಿದ್ರು. ಇವ್ರ ಕೈಯಲ್ಲಿ ವೈರು ಇತ್ತು. ಸ್ಟೂಲಿಂದ ಹಾರಿ ಬಿದ್ರು. ದೇವ್ರು ದೊಡ್ಡವ್ನು."

ನನಗೆ ಮೀನಿನ ತುಂಡು ತಂದುಕೊಟ್ಟ ಅದೇ ಹೂಂ ಅಲ್ಲಿ ಅವರನ್ನು ಕೊಲ್ಲಲು ಹೊರಟಿತ್ತು. ಆವತ್ತು ಆಕೆಯ ಅಳತೆಯನ್ನು ಎರಡು ಸಲ ತಪ್ಪಾಗಿ ಬರೆದೆ.

ಸಂಜೆ ಅವರ ಎದುರಿಗೇ ನಿಂತು, ಬಾಯಿ ದೊಡ್ಡದು ಮಾಡಿ ಹೇಳಿದೆ. "ನಾಳೆ ಕಿವಿ ಡಾಕ್ಟರ ಹತ್ರ ಹೋಗೂದು."

"ಯಾರ ಕಿವಿಗೆ ಎಂತ ಆಗಿದೆ?" ಅವರಿಗೆ ಸಿಟ್ಟು ಬಂತು. "ನೀನು ಬಾಯೊಳಗೇ ಮಾತಾಡ್ತೆ. ಈಗೀಗ ಊರವರೂ ಬಾಯೊಳಗೇ ಮಾತಾಡೂಕೆ ಶುರು ಮಾಡಿದ್ದಾರೆ."

ಹೊನ್ನಾವರ ತಾಲೂಕಿಗೆ ತಾಲೂಕೇ ಒಟ್ಟಾಗಿ ಪಿಸುಮಾತಿಗೆ ಇಳಿದಿದೆ ಅಂತ ನಂಬಿದ ಮನುಷ್ಯನ ಹತ್ತಿರ ಎಂಥ ವಾದ ಮಾಡುವುದು? ಕಿವುಡನ ಮುಂದೆ ಶಂಖ ಊದಿದ ಹಾಗೆ ಅನ್ನುವ ಗಾದೆ ನಾಲಿಗೆಯ ತುದಿಗೆ ಬಂತು. ನುಂಗಿದೆ. ಅವರ ಹೆದರಿಕೆ ನನಗೆ ಗೊತ್ತಿತ್ತು. ಕಿವಿ ಕೇಳದ ವೈರ್‌ಮನ್ನನ್ನು ಯಾರೂ ಏಣಿ ಹತ್ತಿಸುವುದಿಲ್ಲ. ಆದರೆ ಕಾಗಾಲದಲ್ಲಿ ಒಂದು ಹೊಸ ಮನೆಯ ವೈರಿಂಗ್ ಒಪ್ಪಿಕೊಂಡಾಗಿತ್ತು. ಇನ್ನು ಹದಿನೈದು ದಿನಕ್ಕೆ ಆ ಕೆಲಸ ಶುರು. ಅಲ್ಲಿಯೂ ಒಂದು ಮೇನ್ ಇರುತ್ತದೆ, ಅಲ್ಲಿಯೂ ಯಾರಾದರೂ ಕೆಳಗಿನಿಂದ ಏನಾದರೂ ಕೇಳುತ್ತಾರೆ, ಇವರು ಮೇಲಿನಿಂದ ಹೂಂ ಅನ್ನುತ್ತಾರೆ. ಅಷ್ಟರೊಳಗೆ ನಾನು ಏನಾದರೂ ಮಾಡಬೇಕಿತ್ತು.

ನನ್ನ ಗಿರಾಕಿಗಳಲ್ಲಿ ಕುಮಟಾದ ಒಬ್ಬರು ಅಕ್ಕೋರು ಇದ್ದಾರೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ತೋಳಿನ ಅಳತೆ ಕೊಡುತ್ತ ನಿಂತಿದ್ದಾಗ ಅವರ ಹತ್ತಿರ ಎಲ್ಲ ಹೇಳಿಕೊಂಡೆ. ಅವರು ಕೈ ಇಳಿಸದೆಯೇ ಯೋಚನೆ ಮಾಡಿ, "ಕೇಳದಿದ್ದವ್ರಿಗೆ ತೋರಿಸ್ಬೇಕು" ಅಂದರು. ಅಳತೆಯ ಚೀಟಿಯ ಹಿಂದೆ ಒಂದು ದುಂಡನೆಯ ದಾರಿ ಬರೆದರು. ಒಂದು ಚೌಕದ ಬ್ಯಾಟರಿ, ಒಂದು ಸಣ್ಣ ಎಲ್‌ಇಡಿ, ಒಂದು ರೆಸಿಸ್ಟರ್, ಒಂದು ಸ್ವಿಚ್. ಎಂಟನೇ ಕ್ಲಾಸಿನ ಮಕ್ಕಳು ಮಾಡುವುದಂತೆ. ಕರೆಂಟು ಬ್ಯಾಟರಿಯಿಂದ ಹೊರಟು ಎಲ್ಲರ ಮನೆಗೂ ಹೋಗಿ ಬ್ಯಾಟರಿಗೇ ವಾಪಸು ಬರಬೇಕು, ಎಲ್ಲಿಯೂ ದಾರಿ ಕಡಿಯಬಾರದು. "ಎಲ್‌ಇಡಿಯ ಉದ್ದ ಕಾಲು ಪ್ಲಸ್ಸಿಗೆ, ಗಿಡ್ಡ ಕಾಲು ಮೈನಸ್ಸಿಗೆ. ರೆಸಿಸ್ಟರ್ ಬಿಡ್ಬೇಡಿ" ಅಂತ ಎರಡೆರಡು ಸಲ ಹೇಳಿದರು.

ಸಾಮಾನು ತರಲು ಪೇಟೆಯ ಅಂಗಡಿಗೆ ಹೋದೆ. ಅಂಗಡಿಯವನಿಗೆ ನನ್ನ ಗಂಡ ಇಪ್ಪತ್ತು ವರ್ಷದ ಗಿರಾಕಿ. "ಅವ್ರಿಗೆ ಹೇಳಿದ್ರೆ ಅವ್ರೇ ಒಯ್ತಿದ್ರು" ಅಂದ. ಇದು ಅವರ ಕಿವಿಗೆ ಹೋಗಬಾರದು, ಅಂದರೆ ಅವರ ಕಿವಿಗೆ ಏನೂ ಹೋಗುವುದಿಲ್ಲ ಬಿಡಿ, ಆದರೂ ಬೇಡ ಅನ್ನಿಸಿತು.

"ಇದು ಅವ್ರಿಗಲ್ಲ. ಬ್ಲೌಸಿಗೆ."

"ಬ್ಲೌಸಿಗೆ ಎಲ್‌ಇಡಿಯಾ?"

"ಹೊಸ ಫ್ಯಾಷನ್ನು" ಅಂದು ಬ್ಯಾಟರಿ, ಅದರ ತಲೆಗೆ ಕೂರುವ ವೈರಿನ ಕ್ಯಾಪು, ರೆಸಿಸ್ಟರ್, ಐದು ಕೆಂಪು ಎಲ್‌ಇಡಿ ಕಟ್ಟಿಸಿಕೊಂಡು ಬಂದೆ.

ಆ ಸುಳ್ಳಿಗೆ ನನಗಿಂತ ವೇಗದ ಕಾಲು. ಮೂರನೇ ದಿನಕ್ಕೆ ಭಟ್ಕಳದಿಂದ ಒಬ್ಬ ಹಳೇ ಗಿರಾಕಿಯ ಫೋನು. ಮಗಳ ಮೆಹಂದಿಗೆ ಲೆಹಂಗಾ ಹೊಲಿಯಬೇಕು, ಅಂಚಿಗೆ ಲೈಟು ಹಾಕುತ್ತೀರಂತಲ್ಲ, ಮಿನುಗುವುದು ಬೇಕೋ ನಿಂತು ಉರಿಯುವುದು ಬೇಕೋ ಅಂತ ಮನೆಯಲ್ಲಿ ಚರ್ಚೆಯಾಗುತ್ತಿದೆ ಅಂದರು. ಮೊದಲು ಒಂದನ್ನು ಉರಿಸಿ ಆಮೇಲೆ ಹೇಳುತ್ತೇನೆ ಅಂದೆ. ಅದೊಂದು ಸತ್ಯವನ್ನೇ ಹೇಳಿದ್ದು.

ಯಾಕೆಂದರೆ ಮೊದಲನೆಯದು ಉರಿಯಲಿಲ್ಲ, ಸತ್ತಿತು. ತಪ್ಪು ನನ್ನದಲ್ಲ, ನನ್ನ ಸಂಸಾರದ್ದು. ಮೂವತ್ತೈದು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಗಂಡನ ಪುರಾಣ ಕೇಳಿದವಳು ನಾನು. ಕರೆಂಟಿಗೆ ಅಡ್ಡ ಬರಬಾರದು, ದಾರಿ ನೇರ ಇರಬೇಕು, ಬೇಡದ್ದನ್ನು ನಡುವೆ ಸೇರಿಸಿದವನು ಕಳ್ಳ ವೈರ್‌ಮನ್. ರೆಸಿಸ್ಟರ್ ನೋಡಿದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಮೈಮೇಲೆ ಹಳದಿ, ನೇರಳೆ, ಕಂದು ಪಟ್ಟಿ. ಅಂಥ ಬಣ್ಣದ ಸೀರೆ ಉಟ್ಟವರನ್ನು ನಾನು ಕಂಡಿಲ್ಲ. ಇದೊಂದು ಬೇಡದ ಅಡ್ಡ ಅಂತ ಬದಿಗಿಟ್ಟು ಎಲ್‌ಇಡಿಯನ್ನು ನೇರ ಬ್ಯಾಟರಿಗೆ ಮುಟ್ಟಿಸಿದೆ. ಚಕ್ಕನೆ ಒಂದು ಬೆಳಕು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಮುಗಿಯಿತು.

ಅಕ್ಕೋರಿಗೆ ಫೋನು ಮಾಡಿದೆ. ಅವರು ಬೈಯಲಿಲ್ಲ. "ಮಾರ್ಜಿನ್ ಬಿಡದೆ ಬ್ಲೌಸ್ ಹೊಲಿದ್ರೆ ಎಂತ ಆಗ್ತದೆ?" ಅಂತ ಕೇಳಿದರು.

"ಉಸಿರು ಎಳೆದ್ರೆ ಹರೀತದೆ."

"ಇದೂ ಹಾಂಗೇ. ಬ್ಯಾಟರಿಯ ಉಸಿರು ದೊಡ್ಡದು, ಎಲ್‌ಇಡಿಯ ಮೈ ಸಣ್ಣದು. ರೆಸಿಸ್ಟರ್ ಅಂದ್ರೆ ಮಾರ್ಜಿನ್."

ಎಂಟನೇ ಕ್ಲಾಸಿನಲ್ಲಿ ನನಗೆ ಇವರು ಸಿಕ್ಕಿದ್ದರೆ ನಾನು ಒಂಬತ್ತಕ್ಕೆ ಹೋಗುತ್ತಿದ್ದೆನೋ ಏನೋ.

ಎರಡನೆಯದರಲ್ಲಿ ನನ್ನ ಕಸುಬು ಅಡ್ಡ ಬಂತು. ದಾರದ ತುದಿ ಎಲ್ಲಿ ಉದ್ದ ಕಂಡರೂ ಕತ್ತರಿಸುವ ಕೈ ಇದು. ಎಲ್‌ಇಡಿಯ ಒಂದು ಕಾಲು ಉದ್ದ, ಒಂದು ಗಿಡ್ಡ, ನೋಡಲು ಅಸಹ್ಯ. ಕೈ ತಾನಾಗಿ ಹೋಗಿ ಎರಡನ್ನೂ ಸಮ ಮಾಡಿಬಿಟ್ಟಿತು. ಕತ್ತರಿ ಕೆಳಗಿಟ್ಟ ಮೇಲೆ ನೆನಪಾಯಿತು, ಪ್ಲಸ್ ಯಾವುದು ಮೈನಸ್ ಯಾವುದು ಅಂತ ಹೇಳುತ್ತಿದ್ದದ್ದು ಆ ಉದ್ದವೇ. ಮತ್ತೆ ಫೋನು. ಅಕ್ಕೋರು ಕ್ಲಾಸಿನಿಂದ ಹೊರಗೆ ಬಂದು ಹೇಳಿದರು, "ಬುಡದ ಅಂಚು ಬೆರಳಿಂದ ಸವರಿ ನೋಡಿ. ಒಂದು ಕಡೆ ಚಪ್ಪಟೆ ಇರ್ತದೆ. ಅದು ಮೈನಸ್." ಬಟ್ಟೆಯ ಒಳಬದಿ ಹೊರಬದಿಯನ್ನು ಕಣ್ಣು ಮುಚ್ಚಿ ಹೇಳುವ ಬೆರಳಿಗೆ ಅದೇನು ಮಹಾ? ಸಿಕ್ಕಿತು.

ಸ್ವಿಚ್ಚು ತರಲು ಮರೆತಿದ್ದೆ. ಮತ್ತೆ ಆ ಅಂಗಡಿಗೆ ಹೋದರೆ ಇನ್ನೊಂದು ಲೆಹಂಗಾ ಮೈಮೇಲೆ ಬರುತ್ತದೆ. ಬ್ಯಾಟರಿಯ ತಲೆಯನ್ನು ನೋಡುತ್ತ ಕೂತಾಗ ನಗು ಬಂತು. ಅಲ್ಲಿರುವ ಎರಡು ಗುಂಡಿಗಳು ಟಿಚ್ ಬಟನ್ನಿನ ಹಾಗೆಯೇ ಇವೆ; ಒಂದು ಗಂಡು, ಒಂದು ಹೆಣ್ಣು, ಮೇಲಿನ ಕ್ಯಾಪನ್ನು ಒತ್ತಿದರೆ ಟಿಚ್ ಅಂತ ಕೂರುತ್ತದೆ. ಬ್ಲೌಸಿಗೆ ಹಾಕುವ ಟಿಚ್ ಬಟನ್ನೂ ಲೋಹದ್ದೇ ಅಲ್ಲವೇ? ಡಬ್ಬಿಯಿಂದ ದೊಡ್ಡದೊಂದು ತೆಗೆದು, ಕಾಲರಿಗೆ ಹಾಕುವ ಕ್ಯಾನ್ವಾಸಿನ ತುಂಡನ್ನು ಮಡಿಸಿ, ಒಂದು ಮಗ್ಗುಲಿಗೆ ಗಂಡು, ಇನ್ನೊಂದಕ್ಕೆ ಹೆಣ್ಣು ಹೊಲಿದೆ. ಎರಡರ ಕಣ್ಣಿಗೂ, ಎಲ್‌ಇಡಿಯ ಕಾಲಿಗೂ ವೈರಿನ ತಾಮ್ರವನ್ನು ಸೂಜಿದಾರದಿಂದಲೇ ಬಿಗಿದೆ. ವೈರು ಗಂಡನ ಶೆಡ್ಡಿನಿಂದಲೇ ಕದ್ದದ್ದು. ಒತ್ತಿದೆ. ಟಿಚ್ ಅಂದಿತು. ಕಡಲೆಕಾಳಿನಷ್ಟು ಕೆಂಪು ಬೆಳಕು ನನ್ನ ಮಷಿನ್ನಿನ ಮೇಲೆ ಉರಿಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಬಿಚ್ಚಿದೆ, ಆರಿತು. ಒತ್ತಿದೆ, ಉರಿಯಿತು. ಆವತ್ತು ಒಂದು ಬ್ಲೌಸೂ ಮುಗಿಯಲಿಲ್ಲ.

ಕಾಗಾಲದ ಕೆಲಸಕ್ಕೆ ನಾಲ್ಕು ದಿನ ಉಳಿದಿತ್ತು. ಅವರು ಪೇಟೆಗೆ ಹೋದ ಹೊತ್ತು ನೋಡಿ ಎಲ್‌ಇಡಿಯನ್ನು ಬಾಬಿನ್ ಡಬ್ಬಿಯ ಮುಚ್ಚಳಕ್ಕೆ ಸಿಕ್ಕಿಸಿ, ಶೆಡ್ಡಿನಲ್ಲಿ ಅವರು ಕೂರುವ ಬೆಂಚಿನ ಎದುರಿಗೆ ತೂಗುಹಾಕಿದೆ. ವೈರನ್ನು ಬಟ್ಟೆ ಒಣಗಿಸುವ ಹಗ್ಗದ ಜೊತೆಗೇ ಸುತ್ತಿ ಅಡುಗೆಮನೆಗೆ ತಂದೆ. ಮಧ್ಯಾಹ್ನ ಅನ್ನ ಬಡಿಸಿಟ್ಟು, ಎಂದಿನಂತೆ ಕಂಠ ಹರಿಯುವ ಹಾಗೆ ಕೂಗುವ ಬದಲು ಬಟನ್ ಒತ್ತಿ ಕಿಟಕಿಯಲ್ಲಿ ನಿಂತೆ.

ಅವರು ದೀಪ ಕಂಡರು. ಸುತ್ತ ನೋಡಿದರು. ಊಟಕ್ಕೆ ಬರಬೇಕಾದ ಮನುಷ್ಯ ಕಿಸೆಯಿಂದ ಟೆಸ್ಟರ್ ತೆಗೆದು ವೈರಿನ ಜಾಯಿಂಟಿಗೆ ಹಚ್ಚಿದರು. ಮನೆಯ ಕರೆಂಟಿಗೆ ಉರಿಯುವ ಟೆಸ್ಟರ್ ಅದು, ಸಣ್ಣ ಬ್ಯಾಟರಿಗೆ ಕಣ್ಣು ಬಿಡುತ್ತದೆಯೇ? ಎರಡು ಸಲ ಹಚ್ಚಿದರು. ನಾನು ಹೋಗಿ ಬಾಗಿಲಲ್ಲಿ ನಿಂತೆ. ಬೆಳಗುತ್ತಿರುವ ದೀಪವನ್ನೇ ತೋರಿಸಿ ನನಗೆ ಹೇಳಿದರು, "ಇದರಲ್ಲಿ ಕರೆಂಟೇ ಇಲ್ಲ."

"ಮತ್ತೆ ಉರೀತಾ ಇರೂದು ಎಂತದು?"

ಅವರು ದೀಪ ಬಿಚ್ಚಿದರು. ವೈರನ್ನು ಕಂಡರು, ತಮ್ಮದೇ ಅಂತ ಗುರುತಿಸಿದರು, ನನ್ನ ಮುಖ ನೋಡಿದರು. ಸೂಜಿದಾರದ ಜಾಯಿಂಟನ್ನು ಕಂಡು ಅವರಿಗೆ ಮೈಯೆಲ್ಲ ಉರಿದಿರಬೇಕು. ತಾಮ್ರ ಕೆರೆದು, ಮುರಿದು, ಚಂದ ಮಾಡಿ ಮತ್ತೆ ಕಟ್ಟಿದರು. ಉರಿಯಲಿಲ್ಲ. ಇನ್ನೂ ಬಿಗಿಯಾಗಿ ಕಟ್ಟಿದರು. ಉರಿಯಲಿಲ್ಲ. ನಲವತ್ತು ವರ್ಷ ಮನೆಯ ಬಲ್ಬು ಹಾಕಿದ ಕೈಗೆ, ಹೇಗೆ ಕಟ್ಟಿದರೂ ಉರಿಯಲೇಬೇಕು ಅನ್ನುವ ಅಭ್ಯಾಸ. ನಾನು ಎಲ್‌ಇಡಿಯನ್ನು ಅವರ ಕೈಯಿಂದ ತೆಗೆದುಕೊಂಡು, ಅಂಚು ಸವರಿ, ತಿರುಗಿಸಿ ಹಿಡಿದೆ. ಉರಿಯಿತು. ಮೂವತ್ತೈದು ವರ್ಷದಲ್ಲಿ ಅಂಥ ಸುಖವನ್ನು ಆ ಮನುಷ್ಯ ನನಗೆ ಕೊಟ್ಟಿರಲಿಲ್ಲ.

"ಇದಕ್ಕೆ ಒಂದೇ ಬದಿಯಿಂದ ಹೋಗ್ಬೇಕು. ಚಪ್ಪಟೆ ಕಡೆ ಮೈನಸ್" ಅಂದೆ.

"ಇದು ಎಂತಕ್ಕೆ?"

ಅವರ ಎದುರು ಸ್ಟೂಲಿನ ಮೇಲೆ ಕೂತೆ. ಬೈಯಲು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆ. ಸುಟ್ಟ ಗಾಯದ ಕಪ್ಪು ಇನ್ನೂ ಆ ಬಲಗೈಯಲ್ಲಿತ್ತು. ಅದನ್ನು ನೋಡಿ ಕೂಗುವ ಮನಸ್ಸಾಗಲಿಲ್ಲ. ಮೆಲ್ಲಗೇ ಹೇಳಿದೆ.

"ನಿಮಗೆ ಕೇಳೂದಿಲ್ಲ. ಧಾರೇಶ್ವರದ್ದು ನಂಗೆ ಗೊತ್ತು. ಕಾಗಾಲದಲ್ಲಿ ಇನ್ನೊಂದ್ಸಲ ಹಾಂಗೆ ಆದ್ರೆ ನಾನು ಎಂತ ಮಾಡ್ಲಿ?"

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ, "ಹೂಂ" ಅಂದರು.

ಕೇಳಿಸಿಕೊಂಡ ಹೂಂ ಅದೋ, ಅಭ್ಯಾಸದ ಹೂಂ ಅದೋ, ದೇವರಾಣೆ ನನಗೆ ತಿಳಿಯಲಿಲ್ಲ. ಸಾರು ತಣ್ಣಗಾಗಿತ್ತು. ಹಾಗೇ ಉಂಡೆವು. ಕೈ ತೊಳೆಯುವಾಗ ಅವರು ಕೇಳಿದರು, "ಆ ದೀಪ ಎಷ್ಟು ದೂರ ಹೋಗ್ತದೆ?"

"ನೀವು ವೈರು ಕೊಟ್ಟಷ್ಟು ದೂರ."

ನಾಲ್ಕು ದಿನದ ಮೇಲೆ ಕಾಗಾಲಕ್ಕೆ ಹೋಗುವಾಗ ಚೀಲದಲ್ಲಿ ಬಾಬಿನ್ ಡಬ್ಬಿಯೂ ಹೋಯಿತು. ದೀಪ ತಾವು ಕೆಲಸ ಮಾಡುವ ಕಡೆ, ಟಿಚ್ ಬಟನ್ ಕೆಳಗೆ ಮೇನಿನ ಪಕ್ಕದಲ್ಲಿ. ಮನೆಯವರಿಗೆ ಏನು ಬೇಕಾದರೂ ಬಟನ್ ಒತ್ತಬೇಕು, ಇವರು ಇಳಿದು ಬರುತ್ತಾರೆ, ಮೇನ್ ಮುಟ್ಟುವುದು ಇವರೊಬ್ಬರೇ. ಇದು ಅವರೇ ಮಾಡಿದ ನಿಯಮ. ಕೆಲಸ ಮುಗಿಯುವವರೆಗೆ ದಿನಾ ಸಂಜೆ ಅವರ ಬೈಕಿನ ಸದ್ದು ಕೇಳಿದ ಮೇಲೆಯೇ ನಾನು ಮಷಿನ್ನಿನಿಂದ ಏಳುತ್ತಿದ್ದೆ. ಏನೂ ಆಗದೆ ಮುಗಿಯಿತು. ದಿನಕ್ಕೆ ಎರಡು ಮೂರು ಸಲ ದೀಪ ಉರಿಯಿತಂತೆ, ಹೆಚ್ಚಿನ ಸಲ ಚಹಾಕ್ಕೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಕಾಗಾಲದ ಆ ಮನೆಯಾಕೆ ಗೃಹಪ್ರವೇಶದ ಬ್ಲೌಸು ಹೊಲಿಸಲು ಬಂದಳು. ಒಳಗೆ ಕಾಲಿಟ್ಟವಳೇ ನನ್ನ ಕಿವಿಯ ಹತ್ತಿರ ಬಾಯಿ ತಂದು, ಬೀದಿಯಾಚೆಗೆ ಕೇಳುವ ಹಾಗೆ ಕೂಗಿದಳು. "ಅಕ್ಕಾ, ತೋಳು ಮೊಣಕೈವರೆಗೆ ಬೇಕು!"

ನಾನು ಬೆಚ್ಚಿ ಹಿಂದೆ ಸರಿದೆ. ಅವಳು ಕನಿಕರದಿಂದ ನನ್ನ ಬೆನ್ನು ಸವರಿದಳು. "ನಿಮ್ಮನೆಯವ್ರು ಎಲ್ಲ ಹೇಳಿದ್ರು. ನಿಮ್ಗೆ ಕಿವಿ ಪೂರಾ ಹೋಗಿದೆ ಅಂತೆ. ನಿಮಗೋಸ್ಕರ ದೀಪ ಕಂಡುಹಿಡಿದ್ರಂತೆ, ತಮ್ಗೆ ಅದರ ಅಭ್ಯಾಸ ತಪ್ಪಬಾರ್ದು ಅಂತ ನಮ್ಮನೆಯಲ್ಲೂ ಹಾಕಿದ್ರು. ಎಂಥ ಗಂಡ ಅಕ್ಕಾ ನಿಮ್ದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅದರ ಮೇಲೆ, ಕಂಡುಹಿಡಿದವರೂ ಅವರೇ. ನನ್ನ ಎರಡು ಎಲ್‌ಇಡಿ, ನನ್ನ ಟಿಚ್ ಬಟನ್, ನನ್ನ ಬಾಬಿನ್ ಡಬ್ಬಿ! ಸಿಟ್ಟು ನೆತ್ತಿಗೇರಿ, ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಅಂತ ಬಾಯಿ ತೆರೆದೆ.

ಆಗ ಒಳಬಾಗಿಲಲ್ಲಿ ಅವರು ನಿಂತಿರುವುದು ಕಂಡಿತು. ಅವಳ ಕೂಗು ಅಂಥದ್ದು, ಅವರಿಗೂ ಕೇಳಿತ್ತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನನ್ನ ತುಟಿಯನ್ನೇ ನೋಡುತ್ತಿದ್ದರು. ಏಣಿಯ ಮೇಲಿನ ಅವರ ಎಲ್ಲ ದಿನಗಳೂ ಆ ಹೊತ್ತಿಗೆ ನನ್ನ ಬಾಯಲ್ಲಿ ಇದ್ದವು. ಅಷ್ಟು ಹೆದರಿದ ಅವರ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನೋಡಿ ನನಗೆ ಸಂಕಟವಾಯಿತು.

ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡೆ. "ಎಂತ ಅಂದ್ರಿ? ಸ್ವಲ್ಪ ಜೋರಾಗಿ ಹೇಳಿ."

ಅವಳು ಮತ್ತೆ ಕೂಗಿದಳು. ತೋಳು, ಕುತ್ತಿಗೆ, ಹಿಂದಿನ ಡೋರಿ, ಎಲ್ಲವನ್ನೂ ಕೂಗಿಯೇ ಬರೆಸಿದಳು. ಅವಳು ಹೋದ ಮೇಲೆ ನನ್ನ ಕಿವಿ ನಿಜವಾಗಿಯೂ ಗುಂಯ್‌ಗುಡುತ್ತಿತ್ತು. ಅವರು ಅಲ್ಲೇ ನಿಂತಿದ್ದರು. ಹತ್ತಿರ ಹೋಗಿ, ತುಟಿ ಕಾಣುವ ಹಾಗೆ ನಿಂತು ಹೇಳಿದೆ.

"ನಂಗೆ ಕಿವಿ ಹೋಗಿದೆಯಂತಲ್ಲ. ಸೋಮವಾರ ಕುಮಟಾಕ್ಕೆ ಕಿವಿ ಡಾಕ್ಟರ ಹತ್ರ ಹೋಗ್ತೆ. ಕೇಳದ ಹೆಂಗಸು ಒಬ್ಬಳೇ ಹೇಗೆ ಹೋಗೂದು? ನೀವೂ ಬರ್ಬೇಕು."

ಅವರು ಬಾಗಿಲ ಚೌಕಟ್ಟಿನಿಂದ ಕೈ ತೆಗೆದರು.

"ಹೂಂ" ಅಂದರು.

ಇದು ಯಾವ ಹೂಂ ಅಂತ ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಬೆನ್ನು ತಿರುಗಿಸಿ ಶೆಡ್ಡಿನ ಕಡೆ ಹೊರಟವರು ಹೇಳಿದರು, "ಡಾಕ್ಟರ ಹತ್ರ ಚೀಟಿ ಎರಡು ಮಾಡ್ಸು."